ನೂಲಿನೊಳಗಿನ ನೀರು



ನೂರು ಕಿಲೋ ಹಸಿ ರೇಷ್ಮೆಗೂಡನ್ನು ಬಿಸಿಗಾಳಿಯಲ್ಲಿ ಪೂರ್ತಿ ಒಣಗಿಸಿ ಮತ್ತೆ ತೂಕಕ್ಕಿಟ್ಟರೆ ನಲವತ್ತು ಕಿಲೋ ಆಸುಪಾಸಿಗೆ ಇಳಿದಿರುತ್ತದೆ. ಹೋದ ಅರವತ್ತು ಕಿಲೋ ನೀರು. ಅದರಲ್ಲಿ ಬಹುಪಾಲು ಗೂಡಿನೊಳಗೆ ಮಲಗಿರುವ ಕೋಶದ (ಪ್ಯೂಪಾದ) ಮೈನೀರು. ಸ್ವಲ್ಪ ಪಾಲು ಮಾತ್ರ ರೇಷ್ಮೆ ಎಳೆಯೊಳಗೇ ಅಡಗಿ ಕೂತಿದ್ದ ತೇವ. ದೇವನಹಳ್ಳಿ ತಾಲ್ಲೂಕಿನ ವಿಜಯಪುರದ ಗೂಡಿನ ಮಾರುಕಟ್ಟೆಗೆ ಬೆಳಿಗ್ಗೆಯೇ ಗೂಡು ಇಳಿಸುವ ರೈತರಿಗೆ ಇದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂದು ದಿನ ತಡವಾದರೆ ತೂಕ ಎಷ್ಟು ಕುಸಿಯುತ್ತದೆಂಬುದು ಅವರಿಗೆ ಗೊತ್ತು. ಹರಾಜಿಗೆ ಬರುವ ನೂಲು ಬಿಚ್ಚಾಣಿಕೆದಾರರಿಗೂ ಗೊತ್ತು. ಗೂಡನ್ನು ಬೆರಳಲ್ಲಿ ಅದುಮಿ, ಕಿವಿಯ ಹತ್ತಿರ ಅಲ್ಲಾಡಿಸಿ, ಒಳಗಿನ ಸದ್ದು ಕೇಳಿ ಅವರು ಬೆಲೆ ಹೇಳುತ್ತಾರೆ.

ಇವತ್ತು ನಾನು ಮಾತಾಡಬೇಕೆಂದಿರುವುದು ಈ ಅಡಗಿ ಕೂತ ನೀರಿನ ಬಗ್ಗೆ. ಯಾವ ನೂಲು, ಯಾವ ಬಟ್ಟೆ, ಯಾವ ಚೀಲ ಎಷ್ಟು ತೇವ ಹೀರುತ್ತದೆ, ಹೀರಿದ್ದನ್ನು ಯಾವಾಗ ಬಿಡುತ್ತದೆ ಎಂಬುದರ ಬಗ್ಗೆ. ಅಂಗಡಿಯಲ್ಲಿ ನಾವು ಸಾಮಾನ್ಯವಾಗಿ ಮೊದಲನೆಯದನ್ನಷ್ಟೇ ಕೇಳುತ್ತೇವೆ. "ಈ ಟವೆಲ್ಲು ನೀರು ಚೆನ್ನಾಗಿ ಎಳೆಯುತ್ತಾ?" ಎನ್ನುತ್ತೇವೆ. "ಎಳೆದ ನೀರನ್ನು ಎಷ್ಟು ಹೊತ್ತಿಗೆ ಬಿಡುತ್ತೆ?" ಎಂದು ಯಾರೂ ಕೇಳುವುದಿಲ್ಲ. ನನ್ನ ಪ್ರಕಾರ ಎರಡನೆಯ ಪ್ರಶ್ನೆಯೇ ದೊಡ್ಡದು.

ಮಾತಿಗೆ ಆಧಾರವಾಗಿ ಇಟ್ಟುಕೊಂಡಿರುವುದು ದೇವನಹಳ್ಳಿ ತಾಲ್ಲೂಕಿನ ಚನ್ನರಾಯಪಟ್ಟಣ ಹೋಬಳಿಯನ್ನು. ಹಾಸನ ಜಿಲ್ಲೆಯ ಚನ್ನರಾಯಪಟ್ಟಣ ಬೇರೆ, ಇದು ಬೆಂಗಳೂರು ಗ್ರಾಮಾಂತರದ್ದು. ರಾಗಿ, ದ್ರಾಕ್ಷಿ, ತರಕಾರಿ, ಹೂವು, ಹಾಲು, ಇವುಗಳ ಜೊತೆಗೆ ಹಿಪ್ಪುನೇರಳೆ ತೋಟ ಇಲ್ಲಿನ ಬದುಕು.  ಮೈಸೂರು ಸೀಮೆಗೆ ರೇಷ್ಮೆ ಸಾಕಣೆ ತಂದ ಟಿಪ್ಪು ಸುಲ್ತಾನ್ ಹುಟ್ಟಿದ್ದು ಇದೇ ತಾಲ್ಲೂಕಿನ ದೇವನಹಳ್ಳಿ ಕೋಟೆಯ ಮಗ್ಗುಲಲ್ಲಿ. ಹಾಗಾಗಿ ತೇವ ಮತ್ತು ನೂಲಿನ ಮಾತು ಇಲ್ಲಿಂದಲೇ ಶುರುವಾಗುವುದು ಸರಿ.

ಹುಳದ ಮನೆಯೊಳಗೆ ಹೋಗೋಣ. ಗೋಡೆಗೆ ಒಂದು ಹಲಗೆ, ಅದರ ಮೇಲೆ ಪಕ್ಕಪಕ್ಕದಲ್ಲಿ ಎರಡು ಥರ್ಮಾಮೀಟರ್. ಒಂದರ ಬಲ್ಬು ಬರಿಯದು. ಇನ್ನೊಂದರ ಬಲ್ಬಿಗೆ ಬಿಳಿ ಬಟ್ಟೆಯ ಬತ್ತಿ ಸುತ್ತಿದೆ, ಬತ್ತಿಯ ತುದಿ ಕೆಳಗಿನ ಪುಟ್ಟ ಡಬ್ಬಿಯ ನೀರಿನಲ್ಲಿ ಮುಳುಗಿದೆ. ಬತ್ತಿ ನೀರನ್ನು ಮೇಲಕ್ಕೆ ಎಳೆಯುತ್ತದೆ, ಬಲ್ಬಿನ ಸುತ್ತ ಆ ನೀರು ಆವಿಯಾಗುತ್ತದೆ, ಆವಿಯಾಗುವಾಗ ಬಲ್ಬಿನ ಬಿಸಿಯನ್ನು ಕಿತ್ತುಕೊಂಡು ಹೋಗುತ್ತದೆ. ಗಾಳಿ ಎಷ್ಟು ಒಣಗಿದೆಯೋ ಅಷ್ಟು ಬೇಗ ಆವಿ, ಅಷ್ಟು ತಂಪು. ಎರಡು ಥರ್ಮಾಮೀಟರುಗಳ ನಡುವಿನ ಅಂತರ ನೋಡಿ ಮನೆಯೊಳಗಿನ ತೇವಾಂಶ ಲೆಕ್ಕ ಹಾಕುತ್ತಾರೆ. ಒಣ ಬಲ್ಬು 27 ಡಿಗ್ರಿ, ಒದ್ದೆ ಬಲ್ಬು 23 ಡಿಗ್ರಿ ತೋರಿಸಿದರೆ ತೇವಾಂಶ ಸುಮಾರು ಶೇಕಡ 70. ಒದ್ದೆ ಬಲ್ಬು 25 ತೋರಿಸಿದರೆ ಶೇಕಡ 85ರ ಹತ್ತಿರ.

ಎರಡೇ ಡಿಗ್ರಿಗೆ ಹದಿನೈದು ಅಂಶದ ವ್ಯತ್ಯಾಸ! ಆ ಎರಡು ಡಿಗ್ರಿ ನಿಂತಿರುವುದು ಒಂದು ಚಿಂದಿ ಬಟ್ಟೆಯ ಮೇಲೆ. ಈ ಸೀಮೆಯಲ್ಲಿ ಕೊಳವೆಬಾವಿಗಳು ಸಾವಿರ ಅಡಿ ದಾಟಿ ಇಳಿದಿವೆ, ಬರುವ ನೀರು ಗಡಸು. ಪಾತ್ರೆಯ ಅಂಚಿಗೆ ಬೆಳ್ಳಗೆ ಕಟ್ಟುವ ಅದೇ ಉಪ್ಪು ಬತ್ತಿಯ ನೂಲಿನ ಸಂದುಗಳಲ್ಲೂ ಕಟ್ಟುತ್ತದೆ. ಮುಟ್ಟಿ ನೋಡಿದರೆ ಬತ್ತಿ ಒರಟಾಗಿ, ಗರಿಗರಿಯಾಗಿರುತ್ತದೆ. ಅಂಥ ಬತ್ತಿ ನೀರನ್ನು ಮೇಲಕ್ಕೆ ತರುವುದಿಲ್ಲ, ತಂದಷ್ಟನ್ನೂ ಗಾಳಿಗೆ ಸರಿಯಾಗಿ ಬಿಡುವುದಿಲ್ಲ. ಬಲ್ಬು ತಂಪಾಗುವುದಿಲ್ಲ. ನಿಜವಾಗಿ ತೇವ ಶೇಕಡ 70 ಇದ್ದರೂ ಯಂತ್ರ 85 ಎನ್ನುತ್ತದೆ. ಮನೆಯೊಳಗೆ ತೇವ ಸಾಕಷ್ಟಿದೆ ಎಂದು ನಂಬಿ ಕಿಟಕಿಗೆ ಒದ್ದೆ ಗೋಣಿ ಕಟ್ಟುವುದನ್ನು ಬಿಡುತ್ತೇವೆ. ಅತ್ತ ಸೊಪ್ಪು ಬಾಡುತ್ತದೆ, ಎಳೆ ಹುಳ ಮೇವು ಬಿಡುತ್ತದೆ.

ಇದಕ್ಕೆ ಮದ್ದು ಸುಲಭ. ಬತ್ತಿಗೆ ಹಳೆಯ, ಹತ್ತಾರು ಸಲ ಒಗೆದ ಹತ್ತಿ ಬಟ್ಟೆ ಬಳಸಿ. ಹೊಸ ಹತ್ತಿ ಬಟ್ಟೆಯಾದರೆ ಸೋಡಾ ಹಾಕಿ ಕುದಿಸಿಕೊಳ್ಳಿ, ಏಕೆಂದು ಮುಂದೆ ಹೇಳುತ್ತೇನೆ. ಡಬ್ಬಿಗೆ ಕೊಳವೆಬಾವಿಯ ನೀರು ಬೇಡ. ಮಳೆನೀರು ಹಿಡಿದಿಟ್ಟಿದ್ದರೆ ಅದು, ಇಲ್ಲವಾದರೆ ಊರಿನ ಶುದ್ಧ ನೀರಿನ ಘಟಕದಲ್ಲಿ ನಾಣ್ಯ ಹಾಕಿ ತರುವ ಕ್ಯಾನಿನ ನೀರು ಸಾಕು. ಬತ್ತಿ ಒರಟಾದ ಕೂಡಲೇ ಬದಲಿಸಿ. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಹೊತ್ತು ಮಾತೇಕೆ ಎನ್ನಬೇಡಿ. ಒಂದು ಬೆಳೆ ಕೈಕೊಟ್ಟರೆ ಆ ಮನೆಯ ಮೂರು ತಿಂಗಳ ಖರ್ಚು ಹೋಗುತ್ತದೆ.

ಹುಳಕ್ಕೆ ವಯಸ್ಸಿಗೆ ತಕ್ಕ ತೇವ ಬೇಕು. ಚಾಕಿ ಹುಳಕ್ಕೆ, ಅಂದರೆ ಎಳೆಯ ಹುಳಕ್ಕೆ, ಶೇಕಡ 80ರಿಂದ 85. ಈಗ ಹೆಚ್ಚಿನವರು ಎರಡನೇ ಜ್ವರ, ಅಂದರೆ ಪೊರೆ ಬಿಡುವ ಹಂತ, ದಾಟಿ ಎದ್ದ ಹುಳವನ್ನು ಚಾಕಿ ಕೇಂದ್ರದಿಂದಲೇ ತರುತ್ತಾರೆ, ಅಲ್ಲಿ ಮೇಣದ ಕಾಗದ ಹೊದಿಸಿ, ಸುತ್ತ ಒದ್ದೆ ಸ್ಪಂಜು ಇಟ್ಟು ಆ ತೇವ ಕಾಯುತ್ತಾರೆ. ದೊಡ್ಡದಾದ ಹಾಗೆ ತೇವ ಇಳಿಯಬೇಕು. ನಾಲ್ಕನೇ ಜ್ವರ ಎದ್ದು ಐದನೇ ಹಂತಕ್ಕೆ ಬಂದ ಹುಳಕ್ಕೆ ಶೇಕಡ 65ರಿಂದ 70 ಸಾಕು. ಆಗ ಅದು ತಿನ್ನುವುದು ಬುಟ್ಟಿಗಟ್ಟಲೆ ಸೊಪ್ಪು, ಆ ಸೊಪ್ಪಿನಲ್ಲಿ ಮುಕ್ಕಾಲು ಪಾಲು ನೀರು. ಆ ನೀರೆಲ್ಲ ಹಿಕ್ಕೆಯಲ್ಲಿ, ಉಸಿರಿನಲ್ಲಿ ಹೊರಗೆ ಬಂದು ಹುಳದ ಹಾಸಿಗೆಯನ್ನು ತೋಯಿಸುತ್ತದೆ. ಅದಕ್ಕೇ ಜ್ವರಕ್ಕೆ ಕೂತಾಗ ಸುಣ್ಣದ ಪುಡಿ ಉದುರಿಸುವುದು. ಸುಣ್ಣ ಹಾಸಿಗೆಯ ತೇವ ಎಳೆದುಕೊಳ್ಳುತ್ತದೆ, ಮಿಕ್ಕ ಎಲೆಯನ್ನೂ ಒಣಗಿಸುತ್ತದೆ. ತೇವ ನಿಂತರೆ ಸುಣ್ಣಕಟ್ಟು ರೋಗದ ಬೂಷ್ಟು ಏಳುತ್ತದೆ. ಮಳೆಗಾಲದಲ್ಲೂ ಚಳಿಯ ಮಂಜಿನ ದಿನಗಳಲ್ಲೂ ಅದರ ಕಾಟ ಜಾಸ್ತಿ.

ಹಳೆಯ ಮಣ್ಣಿನ ಗೋಡೆಯ ಮಾಳಿಗೆ ಮನೆಗಳಿಗೆ ಇಲ್ಲೊಂದು ಗುಣವಿತ್ತು. ಸುಡದ ಮಣ್ಣು ಗಾಳಿಯಲ್ಲಿ ತೇವ ಹೆಚ್ಚಾದಾಗ ಎಳೆದುಕೊಂಡು, ಗಾಳಿ ಒಣಗಿದಾಗ ಮರಳಿಸುತ್ತದೆ. ರಾತ್ರಿ ಕುಡಿದದ್ದನ್ನು ಹಗಲು ಬಿಡುತ್ತದೆ. ಸಿಮೆಂಟು ಗಿಲಾವು ಬಳಿದು, ಮೇಲೆ ಪೇಂಟು ಹೊಡೆದು, ತಗಡಿನ ಮಾಡು ಹಾಕಿದ ಹೊಸ ಮನೆಗೆ ಈ ಗುಣ ಇಲ್ಲ. ಒಳಗಿನ ಆವಿ ತಗಡಿಗೆ ತಗುಲಿ ಹನಿಯಾಗಿ ಹುಳದ ಮೇಲೇ ಬೀಳುತ್ತದೆ. ತೊಳೆಯಲು, ರೋಗದ ಔಷಧಿ ಸಿಂಪಡಿಸಲು ಹೊಸ ಮನೆಯೇ ಅನುಕೂಲ, ನಿಜ. ಆದರೆ ಗೋಡೆ ಮಾಡುತ್ತಿದ್ದ ಕೆಲಸವನ್ನು ಈಗ ನಾವು ಕಿಟಕಿಯಿಂದ, ಸುಣ್ಣದಿಂದ, ಫ್ಯಾನಿನಿಂದ ಮಾಡಬೇಕು. ಮನೆ ಕಟ್ಟುವಾಗಲೇ ಸೂರಿನ ಕೆಳಗೆ ಗಾಳಿಕಿಂಡಿ ಬಿಡಿಸಿಕೊಳ್ಳುವುದು ಜಾಣತನ.

ಹುಳ ಹಣ್ಣಾಗಿ, ಗೂಡು ಕಟ್ಟುವ ಬಿದಿರ ತಟ್ಟೆಯಾದ ಚಂದ್ರಿಕೆಗೆ ಏರಿದ ಮೇಲಂತೂ ಬಿಡುವುದೇ ಮುಖ್ಯ. ಹೊಟ್ಟೆಯಲ್ಲಿ ದ್ರವವಾಗಿದ್ದ ರೇಷ್ಮೆ ಬಾಯಿಂದ ಎಳೆಯಾಗಿ ಹೊರಬಂದು ಗಾಳಿಗೆ ಗಟ್ಟಿಯಾಗಬೇಕು. ನೂಲುವ ಮುಂಚೆ ಹುಳ ಹೊಟ್ಟೆಯಲ್ಲಿ ಉಳಿದ ನೀರನ್ನೂ ಹೊರಹಾಕುತ್ತದೆ. ಎಳೆಯ ಸುತ್ತ ಸೆರಿಸಿನ್ ಎಂಬ ಅಂಟಿದೆ. ಸುತ್ತ ತೇವ ಜಾಸ್ತಿಯಿದ್ದರೆ ಆ ಅಂಟು ನಿಧಾನವಾಗಿ ಒಣಗಿ ಒಂದು ಸುತ್ತಿನ ಎಳೆ ಮತ್ತೊಂದಕ್ಕೆ ಬಿಗಿಯಾಗಿ ಅಂಟಿಕೊಳ್ಳುತ್ತದೆ. ಆಮೇಲೆ ಬಿಸಿನೀರಿನ ಬಾಣಲೆಯಲ್ಲಿ ಬಿಚ್ಚುವಾಗ ಎಳೆ ಪದೇಪದೇ ತುಂಡಾಗುತ್ತದೆ. ನೂಲಲು ಶೇಕಡ 60ರಿಂದ 65 ತೇವಾಂಶ, ಸುಳಿಯುವ ಗಾಳಿ ಬೇಕು ಎನ್ನುವುದು ಅದಕ್ಕೇ. ಚಂದ್ರಿಕೆಯನ್ನು ಜಗುಲಿಗೆ ತಂದು ಓರೆಯಾಗಿ ನಿಲ್ಲಿಸುತ್ತಾರಲ್ಲ, ಬಿದಿರ ಹೆಣಿಗೆಯ ನಡುವೆ ಗಾಳಿ ಆಡಲಿ ಎಂದು. ಒಳ್ಳೆಯ ಗೂಡಿನಲ್ಲಿ ಒಂದೇ ಎಳೆ ಸಾವಿರ ಮೀಟರಿನವರೆಗೂ ಬರುತ್ತದೆ. ಅದು ತುಂಡಾಗದೆ ಬರುವುದು ಆ ಎರಡು ಮೂರು ದಿನದ ಗಾಳಿಯ ಮೇಲೆ ನಿಂತಿದೆ.

ಇನ್ನು ಎಳೆಯೊಳಗಿನ ಲೆಕ್ಕ. ಜವಳಿ ಪ್ರಯೋಗಾಲಯಗಳಲ್ಲಿ ಗಾಳಿಯ ತೇವಾಂಶವನ್ನು ಶೇಕಡ 65ಕ್ಕೆ ನಿಲ್ಲಿಸಿ, ಪೂರ್ತಿ ಒಣಗಿಸಿದ ನೂಲನ್ನು ಅದರಲ್ಲಿಟ್ಟು, ಎಷ್ಟು ತೂಕ ಏರಿತೆಂದು ನೋಡುತ್ತಾರೆ. ಯಾರೂ ನೀರು ಹಾಕುವುದಿಲ್ಲ, ಬರಿಯ ಗಾಳಿಯಿಂದಲೇ ನೂಲು ತೇವ ಎಳೆದುಕೊಳ್ಳುತ್ತದೆ. ನೂರು ಗ್ರಾಂ ಪಾಲಿಯೆಸ್ಟರ್ ಎಳೆದುಕೊಳ್ಳುವುದು 0.4 ಗ್ರಾಂ. ನೈಲಾನ್ 4 ಗ್ರಾಂ ಚಿಲ್ಲರೆ. ಹತ್ತಿಗೆ ವ್ಯಾಪಾರದಲ್ಲಿ ಹಿಡಿಯುವ ಲೆಕ್ಕ 8.5 ಗ್ರಾಂ, ರೇಷ್ಮೆಗೆ 11, ಲಿನನ್‌ಗೆ 12, ವಿಸ್ಕೋಸ್‌ಗೆ 13, ಗೋಣಿಯ ಸೆಣಬಿಗೆ 13.75. ಎಲ್ಲಕ್ಕೂ ಮೇಲೆ ಉಣ್ಣೆ, 16 ಗ್ರಾಂ ಅಥವಾ ಅದಕ್ಕೂ ಜಾಸ್ತಿ. ಕೈಗೆ ಒಣಗಿದಂತೆಯೇ ಇರುವ ರೇಷ್ಮೆ ಸೀರೆಯಲ್ಲಿ ಹತ್ತನೇ ಒಂದು ಪಾಲು ನೀರು ಎಂದಾಯಿತು.

ಈ ನೀರಿಗೂ ಬೆಲೆ ಕಟ್ಟಬೇಕಾದ್ದರಿಂದಲೇ ರೇಷ್ಮೆ ವ್ಯಾಪಾರದಲ್ಲಿ ಜಗಳ ಹುಟ್ಟಿದ್ದು. ಮಳೆಯ ದಿನ ತೂಗಿದ ನೂಲು, ಬೇಸಿಗೆಯಲ್ಲಿ ತೂಗಿದ ನೂಲು ಒಂದೇ ಕಟ್ಟಾದರೂ ತೂಕ ಒಂದೇ ಅಲ್ಲ. ಫ್ರಾನ್ಸಿನ ಲಿಯೋನ್ ನಗರದಲ್ಲಿ 1805ರಲ್ಲಿ ಸರ್ಕಾರದ ಆಜ್ಞೆಯಿಂದಲೇ ರೇಷ್ಮೆಯ ತೇವ ಪರೀಕ್ಷಿಸಿ ನ್ಯಾಯದ ತೂಕ ಹೇಳುವ ಸಾರ್ವಜನಿಕ ಕೇಂದ್ರ ತೆರೆದರು. ಇಂದಿನ ಪದ್ಧತಿ ಹೀಗಿದೆ: ಮಾದರಿ ನೂಲನ್ನು ಪೂರ್ತಿ ಒಣಗಿಸಿ ತೂಗು, ನೂರಕ್ಕೆ ಹನ್ನೊಂದು ಸೇರಿಸು, ಅದು ವ್ಯಾಪಾರದ ತೂಕ. ನಮ್ಮಲ್ಲಿ 1948ರ ಕಾಯ್ದೆಯಿಂದ ಹುಟ್ಟಿದ ಕೇಂದ್ರ ರೇಷ್ಮೆ ಮಂಡಳಿ ಬೆಂಗಳೂರಿನಲ್ಲಿದೆ. ಅದರ ಕೇಂದ್ರೀಯ ರೇಷ್ಮೆ ತಾಂತ್ರಿಕ ಸಂಶೋಧನಾ ಸಂಸ್ಥೆಯೂ 1983ರಿಂದ ಬೆಂಗಳೂರಿನಲ್ಲೇ ಇದೆ. ನೂಲಿನ ಗುಣ ಪರೀಕ್ಷೆಯೆಂದರೆ ತೇವದ ಲೆಕ್ಕ ಅದರಲ್ಲಿ ಸೇರಿಯೇ ಇರುತ್ತದೆ.

ಒಂದು ನೂಲು ಅಷ್ಟು ಕುಡಿಯುವುದು, ಇನ್ನೊಂದು ಕುಡಿಯದೇ ಇರುವುದು ಏತಕ್ಕೆ? ನೂಲಿನ ಅಣುಗಳಲ್ಲಿ ನೀರಿನ ಅಣು ಹಿಡಿದುಕೊಳ್ಳಬಲ್ಲ ಜಾಗಗಳಿವೆ. ಬಸ್ಸಿನ ಸೀಟು ಎಂದುಕೊಳ್ಳಿ. ಹತ್ತಿಯ ಸೆಲ್ಯುಲೋಸಿನಲ್ಲಿ ಸೀಟು ಬೇಕಾದಷ್ಟಿವೆ, ಆದರೆ ಬಹಳಷ್ಟು ಸೀಟುಗಳನ್ನು ಪಕ್ಕದ ಸೆಲ್ಯುಲೋಸ್ ಸರಪಣಿಗಳೇ ಒತ್ತಾಗಿ ಕೂತು ಹಿಡಿದುಬಿಟ್ಟಿವೆ. ವಿಸ್ಕೋಸೂ ಅದೇ ಸೆಲ್ಯುಲೋಸ್. ಮರದ ತಿರುಳನ್ನು ಕರಗಿಸಿ ಮತ್ತೆ ಎಳೆ ತೆಗೆದಾಗ ಆ ಒತ್ತು ಸಡಿಲವಾಗಿ ಸೀಟು ಖಾಲಿಯಾಗಿವೆ, ಅದಕ್ಕೆ ಎಂಟೂವರೆಯಿದ್ದದ್ದು ಹದಿಮೂರಾಗುತ್ತದೆ. ರೇಷ್ಮೆ, ಉಣ್ಣೆ ಎರಡೂ ಪ್ರೋಟೀನು, ಅವುಗಳಲ್ಲೂ ಇಂಥ ಜಾಗ ಧಾರಾಳ. ಪಾಲಿಯೆಸ್ಟರಿನಲ್ಲಿ ಇಲ್ಲವೇ ಇಲ್ಲ ಎನ್ನಬಹುದು.

ಇಷ್ಟೂ ಎಳೆಯ ಒಳಗೆ ಸೇರುವ ಆವಿಯ ಮಾತು. ಚೆಲ್ಲಿದ ನೀರನ್ನು ಬಟ್ಟೆ ಎಳೆಯುವುದು ಬೇರೆ ಸಂಗತಿ. ಅಲ್ಲಿ ಕೆಲಸ ಮಾಡುವುದು ಎಳೆ ಎಳೆಗಳ ನಡುವಿನ ಸಂದು. ಹಿಂಜದ, ಬೇಯಿಸದ ಹತ್ತಿಯನ್ನು ಗಿಡದಿಂದ ಕಿತ್ತು ನೀರಿಗೆ ಹಾಕಿ ನೋಡಿ, ತೇಲುತ್ತದೆ. ಎಳೆಯ ಮೈಗೆ ಮೇಣ ಇದೆ. ಸೋಡಾದಲ್ಲಿ ಕುದಿಸಿ ಆ ಮೇಣ ತೆಗೆದರೆ ಅದೇ ಹತ್ತಿ ಔಷಧಿ ಅಂಗಡಿಯ ಹತ್ತಿಯಾಗುತ್ತದೆ, ನೀರು ಸೋಕುತ್ತಲೇ ಮುಳುಗುತ್ತದೆ. ಹೊಸ ಟವೆಲ್ಲು ಮೊದಲ ದಿನ ಮೈ ಒರೆಸುವ ಬದಲು ನೀರನ್ನು ತಳ್ಳಿಕೊಂಡು ಓಡಾಡುವುದಕ್ಕೆ, ಥರ್ಮಾಮೀಟರಿನ ಬತ್ತಿಗೆ ಹೊಸ ಬಟ್ಟೆಯಾದರೆ ಕುದಿಸಿಕೊಳ್ಳಿ ಎಂದಿದ್ದಕ್ಕೆ ಕಾರಣ ಇದು. ಟವೆಲ್ಲಿಗೆ ಮಗ್ಗದ ಗಂಜಿ, ಮಿನುಗಿಗೆ ಹಚ್ಚಿದ ರಾಸಾಯನಿಕವೂ ಸೇರಿರುತ್ತದೆ. ಒಗೆಯುತ್ತ ಒಗೆಯುತ್ತ ಅದು ಒಳ್ಳೆಯದಾಗುತ್ತದೆ. ಬಟ್ಟೆ ಮೆತ್ತಗಾಗಲಿ ಎಂದು ಕೊನೆಯ ನೀರಿಗೆ ಸುರಿಯುವ ದ್ರಾವಣ ಮತ್ತೆ ಎಳೆಗೆ ಜಿಡ್ಡು ಬಳಿಯುತ್ತದೆ. ಟವೆಲ್ಲಿಗೆ ಅದು ಬೇಡ.

ಮನೆಯಲ್ಲೇ ಮಕ್ಕಳ ಜೊತೆ ಒಂದು ಪರೀಕ್ಷೆ ಮಾಡಿ. ಹಳೆಯ ಪಂಚೆ, ಪಾಲಿಯೆಸ್ಟರ್ ದುಪ್ಪಟ್ಟ, ರೇಷ್ಮೆಯ ರವಿಕೆ ಹೊಲಿದು ಮಿಕ್ಕ ಚೂರು, ಸಿಕ್ಕರೆ ಕಂಬಳಿಯ ಅಂಚು, ಇವನ್ನು ಎರಡು ಬೆರಳು ಅಗಲದ ಪಟ್ಟಿಗಳಾಗಿ ಕತ್ತರಿಸಿ ಕೋಲಿಗೆ ಇಳಿಬಿಡಿ. ತುದಿ ಮಾತ್ರ ಶಾಯಿ ಬೆರೆಸಿದ ನೀರಿನ ತಟ್ಟೆಗೆ ತಾಗಲಿ. ಹಳೆಯ ಪಂಚೆಯಲ್ಲಿ ಶಾಯಿಯ ಗೆರೆ ಕಣ್ಣೆದುರೇ ಏರುತ್ತದೆ, ಮೊದಲು ಜೋರಾಗಿ, ಮೇಲೆ ಹೋದಂತೆ ನಿಧಾನವಾಗಿ. ಕಂಬಳಿಯಲ್ಲಿ ಏರುವುದೇ ಇಲ್ಲ ಎನ್ನುವಷ್ಟು ಕಡಿಮೆ. ಮಕ್ಕಳಿಗೆ ಆಶ್ಚರ್ಯವಾಗುವುದು ಪಾಲಿಯೆಸ್ಟರ್ ನೋಡಿ. ನೀರು ಕುಡಿಯದ ನೂಲು ಎಂದು ಹೇಳಿದ್ದೆವಲ್ಲ, ಕೆಲವು ಪಾಲಿಯೆಸ್ಟರ್ ಬಟ್ಟೆಗಳಲ್ಲಿ ಶಾಯಿ ಹತ್ತಿಗಿಂತ ಬೇಗ ಏರುತ್ತದೆ. ಎಳೆ ಕುಡಿಯುವುದಿಲ್ಲ, ಆದರೆ ಎಳೆಗಳ ನಡುವಿನ ಸಣ್ಣ ಸಂದಿನಲ್ಲಿ ನೀರು ಹತ್ತಿಕೊಂಡು ಹೋಗುತ್ತದೆ. ಆಟಗಾರರ ಜೆರ್ಸಿಯ ಗುಟ್ಟು ಇಷ್ಟೇ. ಬೆವರನ್ನು ಒಳಗೆ ಇಟ್ಟುಕೊಳ್ಳದೆ ಅಗಲಕ್ಕೆ ಹರಡಿ ಗಾಳಿಗೆ ಕೊಡುತ್ತದೆ. ಎರಡನೆಯ ಪರೀಕ್ಷೆ: ಬಟ್ಟೆಯನ್ನು ಬಿಗಿಯಾಗಿ ಹಿಡಿದು ಒಂದು ಹನಿ ನೀರು ಬಿಡಿ. ಹನಿಯ ಹೊಳಪು ಎಷ್ಟು ಸೆಕೆಂಡಿಗೆ ಮಾಯವಾಗುತ್ತದೆ ಎಂದು ಎಣಿಸಿ. ಮೂರನೆಯದನ್ನು ಹೆಚ್ಚಿನವರು ಮಾಡುವುದಿಲ್ಲ, ಅದನ್ನು ಮಾಡಲೇಬೇಕು. ಎಲ್ಲ ಪಟ್ಟಿಯನ್ನೂ ತೋಯಿಸಿ, ಹಿಂಡಿ, ನೆರಳಿನಲ್ಲಿ ಹರವಿ. ಯಾವುದು ಮೊದಲು ಒಣಗುತ್ತದೆ, ಯಾವುದು ಸಂಜೆಯಾದರೂ ತಣ್ಣಗೇ ಇರುತ್ತದೆ ನೋಡಿ. 

ನೇಯುವವರಿಗೆ ಈ ಗುಣಗಳು ದಿನನಿತ್ಯದ ಪಾಠ. ಹತ್ತಿ ನೂಲು ಒದ್ದೆಯಾದರೆ ಗಟ್ಟಿ, ಒಣಗಿದ್ದಾಗಿನ ಬಲಕ್ಕಿಂತ ಶೇಕಡ ಹತ್ತಿಪ್ಪತ್ತು ಹೆಚ್ಚು ಎಳೆತ ತಡೆಯುತ್ತದೆ. ಕುಣಿಮಗ್ಗದ ನೇಕಾರ ನೆಲಕ್ಕೆ ತಗ್ಗಾಗಿ ಕೂತು ನೇಯುವಾಗ ಕುಣಿಯ ತಂಪು ಹಾಸಿನ ಎಳೆಗಳಿಗೆ ಸಿಕ್ಕಿ ಎಳೆ ತುಂಡಾಗುವುದು ಕಡಿಮೆ. ಇಂಗ್ಲೆಂಡಿನ ಲಂಕಾಷೈರ್ ಗಿರಣಿಗಳವರು ಇದೇ ತೇವಕ್ಕಾಗಿ ನೇಯುವ ಕೋಣೆಗೆ ಹಬೆ ಬಿಟ್ಟು ಕಾರ್ಮಿಕರ ಆರೋಗ್ಯ ಹಾಳುಮಾಡಿದರು, ಕೊನೆಗೆ 1889ರಲ್ಲಿ ಆ ತೇವಕ್ಕೆ ಮಿತಿ ಹಾಕುವ ಕಾನೂನೇ ಬಂತು. ರೇಷ್ಮೆಯ ಸ್ವಭಾವ ಹತ್ತಿಯದಕ್ಕೆ ಉಲ್ಟಾ, ಒದ್ದೆಯಾದಾಗ ಸ್ವಲ್ಪ ಬಲ ಕಳೆದುಕೊಳ್ಳುತ್ತದೆ. ವಿಸ್ಕೋಸ್ ಅಂತೂ ಅರ್ಧದಷ್ಟು ಸೋಲುತ್ತದೆ. ದೊಡ್ಡಬಳ್ಳಾಪುರದ ವಿದ್ಯುತ್ ಮಗ್ಗಗಳಲ್ಲಿ ರೇಷ್ಮೆಯ ಜೊತೆಗೆ ಕೃತಕ ರೇಷ್ಮೆ ಎನ್ನುವ ವಿಸ್ಕೋಸ್, ಪಾಲಿಯೆಸ್ಟರ್ ಸೀರೆಗಳೂ ಇಳಿಯುತ್ತವೆ. ಕೊಳ್ಳುವ ಹೆಣ್ಣುಮಕ್ಕಳಿಗೆ ನಾನು ಹೇಳುವುದಿಷ್ಟು: ಹೊಳಪು ನೋಡಿ ಮೋಸ ಹೋಗಬೇಡಿ, ಯಾವ ನೂಲು ಎಂದು ಕೇಳಿ. ವಿಸ್ಕೋಸ್ ಸೀರೆಯನ್ನು ಒದ್ದೆಯಿದ್ದಾಗ ಕುಕ್ಕಿ ಒಗೆದು, ತಿರುಚಿ ಹಿಂಡಿದರೆ ಬೇಗ ಹರಿಯುತ್ತದೆ. ಪಾಲಿಯೆಸ್ಟರನ್ನು ಹೇಗೆ ಒಗೆದರೂ ಅದು ಹೆದರುವುದಿಲ್ಲ, ಆದರೆ ಒಲೆಯ ಮುಂದೆ ಉಡುವ ಬಟ್ಟೆ ಅದಲ್ಲ. ಬೆಂಕಿ ತಗುಲಿದರೆ ಕರಗಿ ಚರ್ಮಕ್ಕೆ ಅಂಟುತ್ತದೆ.

ಕಂಬಳಿಯ ಬಗ್ಗೆ ಸ್ವಲ್ಪ ಹೆಚ್ಚು ಹೊತ್ತು ನಿಲ್ಲಬೇಕು, ಏಕೆಂದರೆ ತೇವದ ವಿಷಯದಲ್ಲಿ ಉಣ್ಣೆಯಷ್ಟು ಜಾಣ ನೂಲು ಇನ್ನೊಂದಿಲ್ಲ. ಉಣ್ಣೆಯ ಎಳೆಯ ಮೈಮೇಲೆ ಮೀನಿನ ಹಾಗೆ ಪೊರೆಗಳಿವೆ, ಪೊರೆಗಳ ಮೇಲೆ ತೆಳುವಾದ ಜಿಡ್ಡು. ಹನಿ ಬಿದ್ದರೆ ಜಾರುತ್ತದೆ. ಆವಿಯನ್ನು ಮಾತ್ರ ಅದು ಒಳಗೆ ಬಿಟ್ಟುಕೊಳ್ಳುತ್ತದೆ. ತೇವ ತುಂಬಿದ ಗಾಳಿಯಲ್ಲಿ ತನ್ನ ತೂಕದ ಮೂರನೇ ಒಂದು ಪಾಲಿನಷ್ಟು ನೀರು ಎಳೆದುಕೊಂಡರೂ ಮುಟ್ಟಿದವರಿಗೆ ಒದ್ದೆ ಅನ್ನಿಸುವುದಿಲ್ಲ. ಆ ಆವಿಯನ್ನು ಹಿಡಿದುಕೊಳ್ಳುವಾಗ ಉಣ್ಣೆ ಬಿಸಿಯನ್ನು ಹೊರಬಿಡುತ್ತದೆ. ಮಳೆಗೆ ಕಂಬಳಿ ಕೊಪ್ಪೆ ಹೊದ್ದು ಕುರಿ ಹಿಂದೆ ನಡೆಯುವವರಿಗೆ ಸಿಗುವ ಬೆಚ್ಚನೆಯಲ್ಲಿ ಇದರ ಪಾಲೂ ಇದೆ. ಕುರುಬ ಸಮುದಾಯದ ನೇಕಾರರು ಹಾಸಿಗೆ ಹುಣಸೆಬೀಜದ ಅಂಟು ಬಳಿದು ಒಪ್ಪವಾಗಿ ನೇಯುವ ಕಂಬಳಿಯ ಒತ್ತು ನೇಯ್ಗೆಗೆ ಹನಿ ಬೇಗ ಇಳಿಯುವುದಿಲ್ಲ. ನಮ್ಮ ತಲೆಗೂದಲೂ ಉಣ್ಣೆಯ ಜಾತಿಯದೇ. ತೇವಕ್ಕೆ ಅದು ಉದ್ದವಾಗುತ್ತದೆ, ಒಣಗಿದರೆ ಗಿಡ್ಡವಾಗುತ್ತದೆ. ಸ್ವಿಟ್ಜರ್ಲೆಂಡಿನ ಸೋಸ್ಯೂರ್ ಎಂಬ ವಿಜ್ಞಾನಿ 1783ರಲ್ಲಿ ಮನುಷ್ಯನ ಕೂದಲಿನಿಂದಲೇ ತೇವಮಾಪಕ ಮಾಡಿ ಅದರ ಬಗ್ಗೆ ಪುಸ್ತಕ ಬರೆದ. ಬಹಳ ಕಾಲ ಹವಾಮಾನ ಕೇಂದ್ರಗಳಲ್ಲಿ ಕೂದಲಿನ ಯಂತ್ರವೇ ತೇವ ಬರೆದಿಡುತ್ತಿತ್ತು. ದಖ್ಖನಿ ಕುರಿಯ ಒರಟು ಉಣ್ಣೆಗೆ ಇವತ್ತು ಕೊಳ್ಳುವವರಿಲ್ಲ, ಉಣ್ಣೆ ಕತ್ತರಿಸಿ ಬಿಸಾಡುವ ಸ್ಥಿತಿ ಬಂದಿದೆ. ಇಷ್ಟು ಗುಣವಿರುವ ನೂಲು ನಮ್ಮ ಹಟ್ಟಿಗಳಲ್ಲೇ ಹುಟ್ಟಿ ತಿಪ್ಪೆಗೆ ಹೋಗುವುದನ್ನು ನೋಡಿದರೆ ಸಂಕಟವಾಗುತ್ತದೆ.

ಗೋಣಿಚೀಲದ ಮಾತನ್ನು ಬೇಗ ಹೇಳಿ ಮುಗಿಸುತ್ತೇನೆ. ಸೆಣಬು ತೇವ ಎಳೆಯುತ್ತದೆ, ಬಿಡುತ್ತದೆ. ಚೆನ್ನಾಗಿ ಒಣಗಿದ ರಾಗಿಯನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿದರೆ ತೊಂದರೆಯಿಲ್ಲ. ಅರೆ ಒಣಗಿದ್ದನ್ನು ಕಟ್ಟಿದರೆ ಕಾಳಿನ ಆವಿ ಹೊರಗೆ ಹೋಗಲಾರದೆ ಒಳಗೇ ಬೆವರಿ ಮುಗ್ಗುಲು ಹಿಡಿಯುತ್ತದೆ. ಗೋಣಿಯಲ್ಲಿ ಕಾಳು ಉಸಿರಾಡುತ್ತದೆ, ಆದರೆ ಅದನ್ನು ಸಿಮೆಂಟು ನೆಲದ ಮೇಲೆ ನೇರ ಇಟ್ಟರೆ ನೆಲದ ತೇವವನ್ನೂ ಅದೇ ಗೋಣಿ ಮೇಲಕ್ಕೆ ಎಳೆದು ಕಾಳಿಗೆ ಕೊಡುತ್ತದೆ. ಅಡಿಗೆ ಹಲಗೆ ಇಡಿ, ಗೋಡೆಯಿಂದ ಒಂದು ಮೊಳ ಬಿಡಿ. ಖರೀದಿ ಕೇಂದ್ರದಲ್ಲಿ ರಾಗಿಗೆ ಶೇಕಡ 12ರ ಮೇಲೆ ತೇವವಿರಬಾರದು ಎನ್ನುವುದು ಈ ಮುಗ್ಗುಲಿನ ಭಯಕ್ಕೆ.

ಈಗ ನಾವು ತೊಡುವ ಬಟ್ಟೆ. ಹತ್ತಿಯೇ ಶ್ರೇಷ್ಠ, ಉಳಿದದ್ದೆಲ್ಲ ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ಹೇಳುವವರಿದ್ದಾರೆ. ನಾನು ಹಾಗೆ ಹೇಳಲಾರೆ. ಮೈಯಿಂದ ಒಂದು ಗ್ರಾಂ ಬೆವರು ಆವಿಯಾದರೆ ಸುಮಾರು 580 ಕ್ಯಾಲೊರಿ ಬಿಸಿಯನ್ನು ಹೊತ್ತುಕೊಂಡು ಹೋಗುತ್ತದೆ. ತಂಪು ಸಿಗುವುದು ಬೆವರು ಆರುವುದರಿಂದ, ಬಟ್ಟೆ ತೋಯುವುದರಿಂದ ಅಲ್ಲ. ಚನ್ನರಾಯಪಟ್ಟಣದ ಬಯಲಿನಲ್ಲಿ ಮಾರ್ಚ್, ಏಪ್ರಿಲ್ ಮಧ್ಯಾಹ್ನದ ಗಾಳಿ ಒಣಗಿರುತ್ತದೆ. ಹತ್ತಿ ಅಂಗಿ ಬೆವರು ಹೀರುತ್ತಿದ್ದಂತೆ ಗಾಳಿ ಅದನ್ನು ಎತ್ತಿಕೊಂಡು ಹೋಗುತ್ತದೆ. ಕುಯ್ಲಿನಲ್ಲಿ, ದ್ರಾಕ್ಷಿ ಚಪ್ಪರದ ಕೆಳಗೆ ದುಡಿಯುವವರಿಗೆ ಸಡಿಲವಾದ ತೆಳು ಹತ್ತಿಗಿಂತ ಒಳ್ಳೆಯದಿಲ್ಲ. ಅದೇ ಅಂಗಿಯನ್ನು ಆಷಾಢದ ಉಡುಪಿಯಲ್ಲಿ ತೊಟ್ಟರೆ ಕಥೆ ಬೇರೆ. ಅಲ್ಲಿ ಗಾಳಿಯಲ್ಲೇ ಇನ್ನಷ್ಟು ತೇವಕ್ಕೆ ಜಾಗವಿಲ್ಲ, ಬಟ್ಟೆ ಮೂರು ದಿನ ಹಗ್ಗದ ಮೇಲಿದ್ದರೂ ತಣ್ಣಗೇ ಇರುತ್ತದೆ, ಬೂಷ್ಟಿನ ವಾಸನೆ ಹತ್ತುತ್ತದೆ. ಅಲ್ಲಿ ಹತ್ತಿಗೆ ಪಾಲಿಯೆಸ್ಟರ್ ಬೆರೆಸಿದ ಬಟ್ಟೆ ಮನೆಗೆಲಸದ ಹೆಣ್ಣುಮಕ್ಕಳ ಎಷ್ಟೋ ಕಷ್ಟ ತಪ್ಪಿಸಿದೆ. ನಮ್ಮ ಕಡೆಯೂ ಧನುರ್ಮಾಸದ ಮಂಜಿನಲ್ಲಿ ಬೈಕಿನ ಮೇಲೆ ಹಾಲು, ಹೂವು ಹಾಕಿಕೊಂಡು ಪೇಟೆಗೆ ಹೊರಡುವವರಿಗೆ ಬೆವರಿಗೆ ತೋಯ್ದ ಹತ್ತಿ ಬನಿಯನ್ ಅಪಾಯ. ಗಾಳಿಗೆ ಅದು ಮೈಯ ಬಿಸಿ ಕದಿಯುತ್ತದೆ. ಒಳಗೆ ಒಣಗಿದ ಬನಿಯನ್, ಮೇಲೆ ಉಣ್ಣೆ, ಅದರ ಮೇಲೆ ಗಾಳಿ ತಡೆಯುವ ಜಾಕೆಟ್ಟು ಹಾಕಿಕೊಳ್ಳಿ.

ಕಂದಮ್ಮಗಳ ಲಂಗೋಟಿಗೆ ಹಳೆಯ ಹತ್ತಿ ಸೀರೆಯನ್ನು ಮೀರಿದ್ದು ಬಹಳ ದಿನ ಇರಲಿಲ್ಲ. ಈಗಿನ ಡೈಪರಿನೊಳಗೆ ಬಿಳಿ ಹರಳು ತುಂಬಿರುತ್ತದೆ, ಸೋಡಿಯಂ ಪಾಲಿಯಾಕ್ರಿಲೇಟ್. ಶುದ್ಧ ನೀರಾದರೆ ತನ್ನ ತೂಕದ ನೂರಾರು ಪಟ್ಟು ಎಳೆದು ಲೋಳೆಯಾಗುತ್ತದೆ. ಮೂತ್ರದಲ್ಲಿ ಉಪ್ಪಿರುವುದರಿಂದ ಅಷ್ಟು ಎಳೆಯಲಾರದು, ಆದರೂ ಹತ್ತಿಗಿಂತ ಎಷ್ಟೋ ಹೆಚ್ಚು. ಅದುಮಿದರೂ ಬಿಡುವುದಿಲ್ಲ. ಪಯಣಕ್ಕೆ, ರಾತ್ರಿಗೆ ಅನುಕೂಲವೇ. ಬಿಡದ ಗುಣದಿಂದಲೇ ಅದು ತಿಪ್ಪೆಯಲ್ಲೂ ಹಾಗೇ ಉಳಿಯುತ್ತದೆ, ಒಗೆದು ಮತ್ತೆ ಕಟ್ಟುವ ಹಾಗಿಲ್ಲ.

ಕೊನೆಗೆ ಹೇಳಬೇಕಾದ್ದು ಮುಟ್ಟಿನ ಬಟ್ಟೆ. ಹಳ್ಳಿಗಳಲ್ಲಿ ಇವತ್ತಿಗೂ ಎಷ್ಟೋ ಅಕ್ಕತಂಗಿಯರು ಹಳೆಯ ಹತ್ತಿ ಸೀರೆಯ ಮಡಿಕೆಯನ್ನೇ ಬಳಸುತ್ತಾರೆ. ಹೀರುವುದರಲ್ಲಿ ಅದಕ್ಕೆ ಯಾವ ಕೊರತೆಯೂ ಇಲ್ಲ, ಒಗೆದು ಮತ್ತೆ ಬಳಸಬಹುದು, ಖರ್ಚಿಲ್ಲ. ತೊಂದರೆ ಇರುವುದು ಒಣಗಿಸುವಲ್ಲಿ. ಯಾರಿಗೂ ಕಾಣಬಾರದೆಂದು ಬಚ್ಚಲ ಮೂಲೆಯಲ್ಲಿ, ಅಟ್ಟದ ಕತ್ತಲಲ್ಲಿ, ಬೇರೆ ಬಟ್ಟೆಯ ಅಡಿಯಲ್ಲಿ ಹರವುತ್ತಾರೆ. ಮಡಿಕೆ ಮಡಿಕೆಯಾದ ಹತ್ತಿ ಅಂಥ ಜಾಗದಲ್ಲಿ ನೀರು ಬಿಡುವುದೇ ಇಲ್ಲ. ಹೊರಪದರ ಒಣಗಿದಂತೆ ತೋರಿದರೂ ಒಳಪದರ ತೇವ. ಆ ತೇವದಲ್ಲಿ ಬೂಷ್ಟು, ರೋಗಾಣು ಬೆಳೆಯುತ್ತವೆ, ತುರಿಕೆ, ಸೋಂಕು ಬರುತ್ತದೆ. ಇಷ್ಟು ಹೊತ್ತು ಹುಳಕ್ಕೆ, ಕಾಳಿಗೆ, ಗೂಡಿಗೆ ತೇವ ನಿಲ್ಲಬಾರದು ಎಂದೆವು. ಹೆಣ್ಣುಮಕ್ಕಳ ಮೈಗೆ ತಾಗುವ ಬಟ್ಟೆಗೆ ಅದು ನೂರು ಪಾಲು ಸಲ್ಲುತ್ತದೆ. ತಣ್ಣೀರಿನಲ್ಲಿ ಮೊದಲು ನೆನೆಸಿ, ಸೋಪು ಹಾಕಿ ಒಗೆದು, ಸೋಪು ಪೂರ್ತಿ ಹೋಗುವವರೆಗೆ ಜಾಲಿಸಿ, ಮಡಿಕೆ ಬಿಚ್ಚಿ ಒಂದೇ ಪದರವಾಗಿ ಬಿಸಿಲಿಗೆ ಹರವಿ. ಪೂರ್ತಿ ಒಣಗಿದ ಮೇಲೆ ಮಡಿಚಿ ಹತ್ತಿ ಚೀಲದಲ್ಲಿಡಿ, ಪ್ಲಾಸ್ಟಿಕ್ ಕವರಿನಲ್ಲಿ ಬೇಡ. ಮಳೆಗಾಲದಲ್ಲಿ ಬಿಸಿಲಿಲ್ಲದಿದ್ದರೆ ಇಸ್ತ್ರಿ ಪೆಟ್ಟಿಗೆಯ ಬಿಸಿ ತಾಗಿಸಿ. ಮನೆಯ ಗಂಡಸರಿಗೂ ಒಂದು ಮಾತು. ಹಿತ್ತಲಲ್ಲಿ ಬಿಸಿಲು ಬೀಳುವ ಕಡೆ ಒಂದು ಹಗ್ಗ ಕಟ್ಟಿಕೊಡಿ, ಅದರ ಮೇಲೆ ಏನು ಹರವಿದ್ದಾರೆಂದು ಕೇಳಬೇಡಿ. ವಿವರ ಬೇಕೆನ್ನುವ ತಾಯಂದಿರು, ಹುಡುಗಿಯರು ಊರಿನ ಆಶಾ ಕಾರ್ಯಕರ್ತೆಯನ್ನಾಗಲಿ ಅಂಗನವಾಡಿ ಕಾರ್ಯಕರ್ತೆಯನ್ನಾಗಲಿ ಸಂಕೋಚವಿಲ್ಲದೆ ವಿಚಾರಿಸಬಹುದು.